‘ಇದ್ದದ್ದೇ ಬಿಡಿ’ ಎನ್ನುವ ಮುನ್ನ: ಬಸುರಿಯ ಮೈಯಲ್ಲಿ ಹಾರ್ಮೋನುಗಳ ಕೆಲಸ

ಗರ್ಭಿಣಿಗೆ ಏನೇ ತೊಂದರೆ ಕಾಣಿಸಿಕೊಂಡರೂ ಮನೆಯ ಹಿರಿಯರಿಂದ ಹಿಡಿದು ಕೆಲವೊಮ್ಮೆ ಆಸ್ಪತ್ರೆಯ ಸಿಬ್ಬಂದಿಯವರೆಗೆ ಎಲ್ಲರೂ ಕೊಡುವ ಉತ್ತರ ಒಂದೇ: “ಈ ಟೈಮಲ್ಲಿ ಇದೆಲ್ಲ ಇದ್ದದ್ದೇ, ಹಾರ್ಮೋನು.” ಆ ಮಾತು ಬಹುಪಾಲು ನಿಜ. ಆದರೆ ಯಾವ ಹಾರ್ಮೋನು, ಅದು ಎಲ್ಲಿಂದ ಬರುತ್ತದೆ, ಯಾವ ವಾರದಲ್ಲಿ ಏನು ಮಾಡುತ್ತದೆ ಎಂದು ಗೊತ್ತಿದ್ದರೆ ಮಾತ್ರ ಆ ಉತ್ತರ ಎಲ್ಲಿ ಸಾಕು, ಎಲ್ಲಿ ಸಾಲದು ಎಂಬುದು ತಿಳಿಯುತ್ತದೆ. ಆರನೇ ತಿಂಗಳ ಎದೆಯುರಿ ಇದ್ದದ್ದೇ. ಎಂಟನೇ ತಿಂಗಳಲ್ಲಿ ಅಂಗೈ, ಅಂಗಾಲು ರಾತ್ರಿಯಿಡೀ ತುರಿಸುವುದು ಇದ್ದದ್ದೇ ಅಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಮಾಸಿನಿಂದ ಶುರುಮಾಡಬೇಕು. ಡಾಕ್ಟರುಗಳು ಪ್ಲಾಸೆಂಟಾ ಎನ್ನುವ, ಹೆರಿಗೆಯ ಹೊತ್ತಿಗೆ ಸುಮಾರು ಅರ್ಧ ಕಿಲೋ ತೂಗುವ ಈ ಅಂಗವನ್ನು ಮಗುವಿಗೆ ಊಟ ಸಾಗಿಸುವ ಕೊಳವೆ ಎಂದಷ್ಟೇ ತಿಳಿದವರೇ ಹೆಚ್ಚು. ವಾಸ್ತವದಲ್ಲಿ ಒಂಬತ್ತು ತಿಂಗಳ ಕಾಲ ತಾಯಿಯ ಮೈಯಲ್ಲಿ ಅತಿ ಹೆಚ್ಚು ಹಾರ್ಮೋನು ತಯಾರಿಸುವ ಗ್ರಂಥಿ ಅದೇ. ಅದು ಬೆಳೆದದ್ದು ಭ್ರೂಣದ ಜೀವಕೋಶಗಳಿಂದ, ಅಂದರೆ ಅದರ ಅರ್ಧ ವಂಶವಾಹಿಗಳು ತಂದೆಯವು. ಮಗುವಿನ ಕಡೆಯ ಈ ಅಂಗ ತಾಯಿಯ ರಕ್ತಕ್ಕೆ ಹಾರ್ಮೋನು ಸುರಿದು, ತಾಯಿಯ ಹೃದಯ, ಶ್ವಾಸಕೋಶ, ಕರುಳು, ಮೂತ್ರಪಿಂಡಗಳಿಂದ ಮಗುವಿಗೆ ಬೇಕಾದಂತೆ ಕೆಲಸ ಮಾಡಿಸುತ್ತದೆ. ಬಸುರಿಯ ಬಹುತೇಕ ತ್ರಾಸಗಳು ಆ ಕೆಲಸದ ಅಡ್ಡಪರಿಣಾಮಗಳು.

ಕಿಟ್‌ನ ಎರಡು ಗೆರೆ

ಇಲ್ಲಿ ಹೇಳುವ ವಾರಗಳೆಲ್ಲ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದವು. ಹಾಗಾಗಿ ಡಾಕ್ಟರು “4 ವಾರ” ಎಂದಾಗ ಭ್ರೂಣಕ್ಕೆ ನಿಜವಾಗಿ ಆಗಿರುವುದು 2 ವಾರ.

ಅಂಡ ಬಿಡುಗಡೆಯಾದ 6ರಿಂದ 10 ದಿನಗಳಲ್ಲಿ ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಕೂಡಲೇ ಅದರ ಹೊರಕವಚ ಎಚ್‌ಸಿಜಿ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಅದರ ಮೊದಲ ಕೆಲಸ ಮುಟ್ಟನ್ನು ತಡೆಯುವುದು. ಅಂಡ ಹೊರಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟು ಉಳಿದಿರುತ್ತದೆ. ಅದು ಪ್ರೊಜೆಸ್ಟರಾನ್ ತಯಾರಿಸುತ್ತಾ ಗರ್ಭಕೋಶದ ಒಳಪದರವನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಸಿರು ನಿಲ್ಲದಿದ್ದರೆ ಎರಡು ವಾರದಲ್ಲಿ ಗಂಟು ಕರಗುತ್ತದೆ, ಪದರ ಕಳಚಿ ಮುಟ್ಟಾಗುತ್ತದೆ. ಎಚ್‌ಸಿಜಿ ಬಂದರೆ ಗಂಟು ಕರಗುವುದಿಲ್ಲ.

ಶುರುವಿನಲ್ಲಿ ಎಚ್‌ಸಿಜಿ ಸುಮಾರು 48ರಿಂದ 72 ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ. 8ರಿಂದ 11ನೇ ವಾರದ ನಡುವೆ ಶಿಖರ ಮುಟ್ಟಿ, ಆಮೇಲೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಮೆಡಿಕಲ್ ಶಾಪ್‌ನ ಕಿಟ್ ಆಗಲಿ, ಆಶಾ ಕಾರ್ಯಕರ್ತೆ ಉಚಿತವಾಗಿ ಕೊಡುವ ‘ನಿಶ್ಚಯ್’ ಕಿಟ್ ಆಗಲಿ ಮೂತ್ರದಲ್ಲಿ ಹುಡುಕುವುದು ಇದನ್ನೇ. ಸಾಮಾನ್ಯವಾಗಿ ಮಿಲಿಲೀಟರಿಗೆ 25 ಮಿಲಿಯೂನಿಟ್‌ನಷ್ಟು ಇದ್ದರೆ ಗೆರೆ ಮೂಡುತ್ತದೆ. ಮುಟ್ಟಿನ ದಿನ ಮೀರುವ ಮೊದಲೇ ನೋಡಿದರೆ ಬಸಿರು ನಿಂತಿದ್ದರೂ ಒಂದೇ ಗೆರೆ ಬರಬಹುದು. ಮೂರು ದಿನ ಬಿಟ್ಟು, ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಬೇಕು. ಪೊಟ್ಟಣದ ಮೇಲೆ ಬರೆದಷ್ಟು ಹೊತ್ತಿಗೇ, ಬಹುತೇಕ ಕಿಟ್‌ಗಳಲ್ಲಿ 5 ನಿಮಿಷಕ್ಕೆ, ಫಲಿತಾಂಶ ಓದಬೇಕು. ಅರ್ಧ ಗಂಟೆಯ ಮೇಲೆ ಕಾಣುವ ಮಸುಕು ಗೆರೆ ಮೂತ್ರ ಒಣಗಿದ ಗುರುತೂ ಆಗಿರಬಹುದು.

ಎಚ್‌ಸಿಜಿ ಏರಬೇಕಾದಷ್ಟು ಏರದೆ, ಕೆಳಹೊಟ್ಟೆಯಲ್ಲಿ ಒಂದು ಕಡೆ ನೋವು, ಸ್ವಲ್ಪ ರಕ್ತಸ್ರಾವ, ತಲೆಸುತ್ತು ಇದ್ದರೆ ಬಸಿರು ಗರ್ಭನಾಳದಲ್ಲೇ ನಿಂತಿರಬಹುದೆಂಬ ಅನುಮಾನ ಬರಬೇಕು. ನಾಳ ಒಡೆದರೆ ಜೀವಕ್ಕೇ ಅಪಾಯ. ಅತಿಯಾಗಿ ಏರಿದರೆ ಅವಳಿ ಇರಬಹುದು, ಇಲ್ಲವೇ ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಮೋಲಾರ್ ಬಸಿರು ಇರಬಹುದು. ಎರಡನ್ನೂ ತೀರ್ಮಾನಿಸುವುದು ಸ್ಕ್ಯಾನ್.

ವಾಂತಿಯ ನಿಜವಾದ ಆರೋಪಿ

ಬೆಳಗಿನ ಓಕರಿಕೆಗೆ ಎಚ್‌ಸಿಜಿಯೇ ಕಾರಣ ಎಂದು ದಶಕಗಳಿಂದ ಹೇಳಿಕೊಂಡು ಬಂದಿದ್ದರು. ಅದು ಏರುವ ಹೊತ್ತಿಗೇ ವಾಂತಿಯೂ ಏರುವುದರಿಂದ ಅನುಮಾನ ಸಹಜವಾಗಿತ್ತು. ಆದರೆ 2023ರ ಡಿಸೆಂಬರಿನಲ್ಲಿ ಪ್ರಕಟವಾದ ಸಂಶೋಧನೆ ಮತ್ತೊಂದರ ಕಡೆ ಬೆರಳು ತೋರಿಸಿತು. ಅದು ಜಿಡಿಎಫ್15 ಎಂಬ ಹಾರ್ಮೋನು. ಮಾಸಿನಿಂದ ಹೇರಳವಾಗಿ ಬರುವ ಇದು ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಕೆಣಕುತ್ತದೆ. ಸ್ವಾರಸ್ಯವೆಂದರೆ, ಬಸಿರಿಗೆ ಮೊದಲೇ ರಕ್ತದಲ್ಲಿ ಜಿಡಿಎಫ್15 ಹೆಚ್ಚಿದ್ದವರಿಗೆ ವಾಂತಿ ಕಡಿಮೆ. ಥಲಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಹೆಂಗಸರು ಇದಕ್ಕೆ ಉದಾಹರಣೆ. ಮೊದಲು ಅದರ ಅಭ್ಯಾಸವೇ ಇಲ್ಲದವರಿಗೆ ಒಮ್ಮೆಲೇ ಏರಿದಾಗ ತಡೆದುಕೊಳ್ಳಲಾಗುವುದಿಲ್ಲ. ಒಬ್ಬಳು ಇಡೀ ಬಸಿರನ್ನು ಹುಳಿ ತಿಂದುಕೊಂಡು ಆರಾಮವಾಗಿ ಕಳೆಯುವಾಗ ಇನ್ನೊಬ್ಬಳು ನೀರು ಕುಡಿದರೂ ಕಕ್ಕುವುದು ನಾಜೂಕುತನದ ಪ್ರಶ್ನೆಯಲ್ಲ.

ಸಾಮಾನ್ಯ ವಾಂತಿ 9ನೇ ವಾರದ ಸುಮಾರಿಗೆ ಜೋರಾಗಿ, 16ರಿಂದ 20ನೇ ವಾರದೊಳಗೆ ನಿಲ್ಲುತ್ತದೆ. ಖಾಲಿ ಹೊಟ್ಟೆ ಅದನ್ನು ಕೆಣಕುವುದರಿಂದ ಎದ್ದ ತಕ್ಷಣ ಒಣ ಚಪಾತಿ, ಮಂಡಕ್ಕಿ, ಬಿಸ್ಕತ್ತು ಏನಾದರೂ ಸ್ವಲ್ಪ ತಿಂದು, ನೀರನ್ನು ಊಟದ ಜೊತೆಗಲ್ಲದೆ ನಡುನಡುವೆ ಗುಟುಕು ಗುಟುಕಾಗಿ ಕುಡಿಯುವುದು ಒಳ್ಳೆಯದು. ಸಾಲದಿದ್ದರೆ ಡಾಕ್ಸಿಲಮೀನ್ ಮತ್ತು ಪಿರಿಡಾಕ್ಸಿನ್ ಸೇರಿದ ಮಾತ್ರೆ ಹಲವು ದಶಕಗಳಿಂದ ಸುರಕ್ಷಿತವಾಗಿ ಬಳಕೆಯಲ್ಲಿದೆ. ಅದು ಕೆಲಸ ಶುರುಮಾಡಲು ಗಂಟೆಗಳು ಬೇಕಾದ್ದರಿಂದ ರಾತ್ರಿ ಮಲಗುವಾಗ ತೆಗೆದುಕೊಂಡರೆ ಬೆಳಿಗ್ಗೆಗೆ ಒದಗುತ್ತದೆ.

ತೂಕ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ, ಅಂದರೆ 50 ಕಿಲೋ ಇದ್ದವಳು 47.5ಕ್ಕಿಂತ ಕೆಳಗೆ ಬಂದರೆ, ಮೂತ್ರ ಗಾಢ ಹಳದಿಯಾಗಿ ಕಡಿಮೆಯಾದರೆ, ಅದು ಆಸ್ಪತ್ರೆಗೆ ಸೇರಿಸಬೇಕಾದ ವಾಂತಿ. ಇಲ್ಲಿ ಒಂದು ತಪ್ಪು ನಡೆಯುತ್ತದೆ. ವಾರಗಟ್ಟಲೆ ಊಟವಿಲ್ಲದೆ ಬಿ1 ವಿಟಮಿನ್ ಬರಿದಾದವಳಿಗೆ ನೇರವಾಗಿ ಗ್ಲೂಕೋಸ್ ಡ್ರಿಪ್ ಹಾಕಿದರೆ ಉಳಿದ ಬಿ1 ಕೂಡ ಖರ್ಚಾಗಿ ಮಿದುಳಿಗೆ ಹಾನಿಯಾಗಬಹುದು. ಕಣ್ಣು ಓಲಾಡುವುದು, ಗೊಂದಲ, ನಡಿಗೆ ತಪ್ಪುವುದು ಅದರ ಲಕ್ಷಣಗಳು. ಮೊದಲು ಥಯಮಿನ್ ಕೊಟ್ಟು, ನೀರಿನಂಶಕ್ಕೆ ಸಲೈನ್ ಹಾಕುವುದೇ ಸರಿಯಾದ ಕ್ರಮ.

ಪ್ರೊಜೆಸ್ಟರಾನ್: ಎಲ್ಲವನ್ನೂ ಸಡಿಲಿಸುವ ಹಾರ್ಮೋನು

7ರಿಂದ 9ನೇ ವಾರದೊಳಗೆ ಪ್ರೊಜೆಸ್ಟರಾನ್ ತಯಾರಿಕೆ ಹಳದಿ ಗಂಟಿನಿಂದ ಮಾಸಿಗೆ ಕೈಬದಲಾಗುತ್ತದೆ. ಬಸಿರಿಲ್ಲದಾಗ ದಿನಕ್ಕೆ ಹೆಚ್ಚೆಂದರೆ 25 ಮಿಲಿಗ್ರಾಂ ಆಗುತ್ತಿದ್ದ ತಯಾರಿಕೆ ಕೊನೆಯ ತಿಂಗಳುಗಳಲ್ಲಿ ಸುಮಾರು 250 ಮಿಲಿಗ್ರಾಂಗೆ ಏರುತ್ತದೆ. ಇದರ ಮುಖ್ಯ ಗುರಿ ಗರ್ಭಕೋಶದ ಸ್ನಾಯು ಅವಧಿಗೆ ಮುನ್ನ ಹಿಂಡದಂತೆ ನೋಡಿಕೊಳ್ಳುವುದು. ಆದರೆ ರಕ್ತದಲ್ಲಿ ಹರಿಯುವ ಹಾರ್ಮೋನು ಗರ್ಭಕೋಶದ ಸ್ನಾಯು ಯಾವುದು, ಕರುಳಿನದು ಯಾವುದು ಎಂದು ಭೇದ ಮಾಡುವುದಿಲ್ಲ. ಅದೇ ಜಾತಿಯ ಸ್ನಾಯು ಇರುವಲ್ಲೆಲ್ಲ ಸಡಿಲಿಸುತ್ತದೆ.

ಅನ್ನನಾಳ ಮತ್ತು ಜಠರದ ನಡುವಿನ ಬಿಗಿ ಸಡಿಲವಾಗಿ ಆಮ್ಲ ಮೇಲೇರುತ್ತದೆ, ಅದೇ ಎದೆಯುರಿ. ಊಟವಾದ ಮೇಲೆ ಎರಡು-ಮೂರು ಗಂಟೆ ಮಲಗದಿರುವುದು, ಮಂಚದ ತಲೆಯ ಕಡೆಯ ಕಾಲುಗಳಿಗೆ ಅರ್ಧ ಅಡಿ ಎತ್ತರ ಕೊಡುವುದು, ಎಡಮಗ್ಗುಲಿಗೆ ಮಲಗುವುದು ಇದಕ್ಕೆ ಪರಿಹಾರ. ದಿಂಬಿನ ಮೇಲೆ ದಿಂಬು ಇಟ್ಟರೆ ಕತ್ತು ಮಾತ್ರ ಬಾಗುತ್ತದೆ, ಹೊಟ್ಟೆ ಮಡಚಿಕೊಂಡು ಉರಿ ಇನ್ನೂ ಹೆಚ್ಚುತ್ತದೆ. ಅಡಿಗೆ ಸೋಡಾ ಕದಡಿ ಕುಡಿಯುವುದು ಬೇಡ, ಅದರಲ್ಲಿ ಸೋಡಿಯಂ ಹೆಚ್ಚು. ಆಂಟಾಸಿಡ್ ಕುಡಿದರೆ ಕಬ್ಬಿಣದ ಮಾತ್ರೆಗೆ ಎರಡು ಗಂಟೆ ಅಂತರವಿರಲಿ.

ಕರುಳಿನ ಚಲನೆ ನಿಧಾನವಾದಾಗ ಮಲದ ನೀರು ಹೆಚ್ಚು ಹೀರಿ ಹೋಗಿ ಮಲಬದ್ಧತೆಯಾಗುತ್ತದೆ, ಕಬ್ಬಿಣದ ಮಾತ್ರೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಪಿತ್ತಕೋಶ ಪೂರ್ತಿ ಖಾಲಿಯಾಗದೆ ಹರಳು ಕಟ್ಟುವುದೂ ಹೆಚ್ಚು. ರಕ್ತನಾಳಗಳ ಗೋಡೆ ಸಡಿಲವಾಗುವುದರಿಂದ ನಡುವಿನ ತಿಂಗಳುಗಳಲ್ಲಿ ಬಿಪಿ 5ರಿಂದ 10 ಅಂಕ ಇಳಿಯುತ್ತದೆ. ಬಸ್‌ನಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಇದೇ ಕಾರಣ. ಈ ಇಳಿಕೆ ಗೊತ್ತಿದ್ದರೆ ಇನ್ನೊಂದು ಸಂಗತಿಯೂ ಸ್ಪಷ್ಟ: 20 ವಾರದ ನಂತರ ಬಿಪಿ 140/90 ಅಥವಾ ಹೆಚ್ಚಿದ್ದರೆ ಅದು ಹಾರ್ಮೋನಿನ ಸಹಜ ಆಟಕ್ಕೆ ತದ್ವಿರುದ್ಧ. ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಜೆ ಎರಡೂ ಪಾದ ಊದಿ ಬೆಳಿಗ್ಗೆ ಇಳಿಯುವುದು ಬೇರೆ ವಿಷಯ.

ಮೂತ್ರನಾಳಗಳೂ ಹಿಗ್ಗುತ್ತವೆ. ಗರ್ಭಕೋಶ ಸಾಮಾನ್ಯವಾಗಿ ಬಲಕ್ಕೆ ವಾಲುವುದರಿಂದ ಬಲಗಡೆಯ ನಾಳ ಹೆಚ್ಚು ಹಿಗ್ಗುತ್ತದೆ. ನಿಂತ ಮೂತ್ರದಲ್ಲಿ ರೋಗಾಣು ಬೆಳೆಯುವುದು ಸುಲಭ. ಎಷ್ಟೋ ಸಲ ಉರಿ, ನೋವು ಯಾವುದೂ ಇರುವುದಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸೋಂಕು ಮೂತ್ರಪಿಂಡಕ್ಕೆ ಏರಿ, ಚಳಿಜ್ವರ ಬಂದು, ಅವಧಿಪೂರ್ವ ಹೆರಿಗೆಯೂ ಆಗಬಹುದು. ಮೊದಲ ಭೇಟಿಯಲ್ಲೇ ಮೂತ್ರದ ಕಲ್ಚರ್ ಮಾಡಿಸುವುದು ಇದಕ್ಕಾಗಿ. ಮೊದಲ ಸ್ವಲ್ಪ ಮೂತ್ರ ಬಿಟ್ಟು, ನಡುವಿನದನ್ನು ಹಿಡಿಯಬೇಕು.

ಪ್ರೊಜೆಸ್ಟರಾನ್ ಮಿದುಳಿನ ಉಸಿರಾಟದ ಕೇಂದ್ರವನ್ನೂ ತಟ್ಟುತ್ತದೆ. ಉಸಿರಿನ ಸಂಖ್ಯೆ ಹೆಚ್ಚು ಬದಲಾಗದಿದ್ದರೂ ಪ್ರತಿ ಉಸಿರು ಆಳವಾಗುತ್ತದೆ. ತಾಯಿಯ ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡ 40ರಿಂದ 30ರ ಆಸುಪಾಸಿಗೆ ಇಳಿಯುತ್ತದೆ. ಮಗುವಿನ ರಕ್ತದ ಇಂಗಾಲದ ಡೈಆಕ್ಸೈಡ್ ತಾಯಿಯ ಕಡೆಗೆ ಹರಿಯಲು ಈ ಇಳಿಜಾರು ಬೇಕು. ಹೊಟ್ಟೆ ಇನ್ನೂ ಕಾಣದ ಮೂರನೇ ತಿಂಗಳಲ್ಲೇ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಹೀಗೆ. ಮಲಗಿದರೆ ಉಸಿರು ಕಟ್ಟುವುದು, ಕೂತಲ್ಲೇ ಎದೆ ಡವಗುಟ್ಟುವುದು, ಕೆಮ್ಮಿನಲ್ಲಿ ರಕ್ತ ಬರುವುದು ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯ ಸುಳಿವು. ವಾತಜ್ವರದಿಂದ ಹೃದಯದ ಕವಾಟ ಕೆಟ್ಟವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದು ಮೊದಲ ಸಲ ಬಯಲಾಗುವುದು ಎಷ್ಟೋ ಬಾರಿ ಬಸಿರಿನಲ್ಲೇ.

ಇನ್ನು ಪ್ರೊಜೆಸ್ಟರಾನ್ ಮಾತ್ರೆ, ಇಂಜೆಕ್ಷನ್‌ಗಳ ವಿಚಾರ. ಬಸಿರು ನಿಂತಿತೆಂದು ಗೊತ್ತಾದ ಕೂಡಲೇ “ಗರ್ಭ ಗಟ್ಟಿಯಾಗಲು” ಎಂದು ಎಲ್ಲರಿಗೂ ಬರೆದುಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದಕ್ಕೆ ಆಧಾರ ತೆಳು. 2019ರಲ್ಲಿ ಬ್ರಿಟನ್ನಿನಲ್ಲಿ ರಕ್ತಸ್ರಾವವಾಗುತ್ತಿದ್ದ 4,000ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಮೊದಲೂ ಗರ್ಭಪಾತವಾಗಿದ್ದು ಈಗ ರಕ್ತ ಕಾಣಿಸಿಕೊಂಡವರಿಗೆ ಮಾತ್ರ ಲಾಭದ ಸೂಚನೆ ಕಂಡಿತು. ಅವರಿಗೆ ಯೋನಿಯೊಳಗೆ ಇಡುವ 400 ಮಿಲಿಗ್ರಾಂ ಪ್ರೊಜೆಸ್ಟರಾನ್ ದಿನಕ್ಕೆ ಎರಡು ಬಾರಿ. ಗರ್ಭಕೊರಳು ಗಿಡ್ಡವಾಗಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡವರಿಗೂ ಇದು ಉಪಯುಕ್ತ. ಉಳಿದವರಿಗೆ ಖರ್ಚು, ನಿದ್ದೆಗಣ್ಣು, ಮಲಬದ್ಧತೆ ಅಷ್ಟೇ. ಹಾರ್ಮೋನನ್ನು ಟಾನಿಕ್‌ನಂತೆ ಕೊಡುವುದಕ್ಕೆ ಇತಿಹಾಸದಲ್ಲಿ ಒಂದು ಕಹಿ ಪಾಠವಿದೆ: ಅಮೆರಿಕದಲ್ಲಿ 1940ರ ದಶಕದಿಂದ ಗರ್ಭಪಾತ ತಡೆಯಲೆಂದು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ ಕೊಡುತ್ತಿದ್ದರು. ಅದು ಗರ್ಭಪಾತ ತಡೆಯಲಿಲ್ಲ. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿದ್ದು 1971ರಲ್ಲಿ ಬೆಳಕಿಗೆ ಬಂತು.

ಈಸ್ಟ್ರೋಜನ್: ತಾಯಿ, ಮಾಸು, ಮಗು ಮೂವರ ಪಾಲು

ಬಸಿರಿನ ಮುಖ್ಯ ಈಸ್ಟ್ರೋಜನ್ ಆದ ಈಸ್ಟ್ರಿಯಾಲ್ ಅನ್ನು ಮಾಸು ಒಂಟಿಯಾಗಿ ಮಾಡಲಾರದು, ಅದಕ್ಕೆ ಬೇಕಾದ ಒಂದು ಕಿಣ್ವ ಅದರಲ್ಲಿಲ್ಲ. ತಾಯಿಯ ಕೊಲೆಸ್ಟರಾಲ್ ಮಗುವಿನ ಕಡೆ ದಾಟಿ, ಮಗುವಿನ ಅಡ್ರಿನಲ್ ಗ್ರಂಥಿಯಲ್ಲಿ ಕಚ್ಚಾವಸ್ತುವಾಗಿ, ಮಗುವಿನ ಯಕೃತ್ತಿನಲ್ಲಿ ಇನ್ನೊಂದು ರೂಪ ತಾಳಿ, ಮತ್ತೆ ಮಾಸಿಗೆ ಬಂದು ಈಸ್ಟ್ರಿಯಾಲ್ ಆಗುತ್ತದೆ.

ಈಸ್ಟ್ರೋಜನ್ನಿನ ದೊಡ್ಡ ಕೆಲಸ ರಕ್ತ ಒದಗಿಸುವುದು. ಬಸಿರಿಲ್ಲದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತಿದ್ದರೆ ಕೊನೆಯಲ್ಲಿ 500ಕ್ಕಿಂತ ಹೆಚ್ಚು ಹರಿಯಬೇಕು. ಅದಕ್ಕಾಗಿ ಉಪ್ಪು-ನೀರು ಹಿಡಿದಿಡುವ ಹಾರ್ಮೋನುಗಳನ್ನು ಅದು ಪ್ರಚೋದಿಸುತ್ತದೆ, ಒಟ್ಟು ರಕ್ತ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಇದರಲ್ಲಿ ನೀರಿನ ಭಾಗ ಬೇಗ ಏರುತ್ತದೆ, ಕೆಂಪು ಕಣ ಶೇಕಡಾ 20ರಿಂದ 30 ಮಾತ್ರ. ಹೀಗೆ ತೆಳುವಾಗುವುದರಿಂದ ಹಿಮೋಗ್ಲೋಬಿನ್ ಅಂಕಿ ಸ್ವಲ್ಪ ಇಳಿಯುವುದು ಸಹಜ. 11 ಗ್ರಾಂಗಿಂತ ಕೆಳಗೆ ಇಳಿದರೆ ಅದು ರಕ್ತಹೀನತೆ. ನಾಲ್ಕನೇ ತಿಂಗಳಿನಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ ಈ ಕೊರತೆ ತುಂಬಲು. ಅದನ್ನು ಕಾಫಿ, ಚಹಾ, ಹಾಲಿನ ಜೊತೆ ನುಂಗಿದರೆ ಹೀರುವುದು ಕಡಿಮೆಯಾಗುತ್ತದೆ. ನಿಂಬೆರಸ ಒಳ್ಳೆಯದು.

ಅದೇ ಹೆಚ್ಚಿದ ರಕ್ತದ ಹರಿವಿನಿಂದ ಮೂಗು ಕಟ್ಟುತ್ತದೆ, ವಸಡು ಊದಿ ರಕ್ತ ಬರುತ್ತದೆ. ರಕ್ತ ಬರುತ್ತದೆಂದು ಹಲ್ಲುಜ್ಜುವುದು ಬಿಟ್ಟರೆ ವಸಡು ಇನ್ನೂ ಕೆಡುತ್ತದೆ. ಕೆನ್ನೆಯ ಮೇಲಿನ ಬಂಗು, ಹೊಕ್ಕುಳಿಂದ ಕೆಳಗಿನ ಕಪ್ಪು ಗೆರೆ ಕೂಡ ಈಸ್ಟ್ರೋಜನ್ನಿನ ಪರಿಣಾಮವೇ. ಗೆರೆ ತಾನಾಗಿ ಹೋಗುತ್ತದೆ. ಬಂಗು ಬಿಸಿಲಿಗೆ ಹೆಚ್ಚುತ್ತದೆ, ಅಂಗಡಿಯ ಬಿಳುಪಿನ ಕ್ರೀಮುಗಳನ್ನು ಈಗ ಮುಟ್ಟದಿರುವುದೇ ಲೇಸು.

ಯಕೃತ್ತಿನ ವಿಷಯ ಗಂಭೀರ. ಈಸ್ಟ್ರೋಜನ್, ಪ್ರೊಜೆಸ್ಟರಾನ್‌ಗಳ ಒಡೆದ ಅಂಶಗಳು ಕೆಲವರಲ್ಲಿ ಪಿತ್ತರಸದ ಹರಿವನ್ನು ತಡೆಯುತ್ತವೆ. ಪಿತ್ತಾಮ್ಲ ರಕ್ತಕ್ಕೆ ಸೇರಿ ಮೈ ತುರಿಸುತ್ತದೆ, ಅದರಲ್ಲೂ ಅಂಗೈ ಅಂಗಾಲು, ಅದರಲ್ಲೂ ರಾತ್ರಿ. ಗುಳ್ಳೆ, ದದ್ದು ಏನೂ ಕಾಣುವುದಿಲ್ಲ. ಹೊಟ್ಟೆಯ ಚರ್ಮ ಹಿಗ್ಗಿದ್ದಕ್ಕೆ ತುರಿಕೆ ಎಂದು ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗುವುದು ಇಲ್ಲೇ. ರಕ್ತದ ಪಿತ್ತಾಮ್ಲ ಪರೀಕ್ಷೆ ಮಾಡಿಸಬೇಕು. ಅದು 100 ಮೈಕ್ರೋಮೋಲ್ ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಸ್ಪಷ್ಟವಾಗಿ ಏರುತ್ತದೆ, ಹೆರಿಗೆಯನ್ನು ಮುಂಚೆಯೇ ಮಾಡಿಸಬೇಕಾಗುತ್ತದೆ.

ಸಕ್ಕರೆ ಏಕೆ ಆರನೇ ತಿಂಗಳಲ್ಲಿ ಏರುತ್ತದೆ

ಮಾಸು ಬೆಳೆದಷ್ಟೂ ಹೆಚ್ಚುವ ಹಾರ್ಮೋನು ಹ್ಯೂಮನ್ ಪ್ಲಾಸೆಂಟಲ್ ಲ್ಯಾಕ್ಟೊಜೆನ್. ಕೊನೆಯ ಹೊತ್ತಿಗೆ ಇದು ದಿನಕ್ಕೆ ಸುಮಾರು 1 ಗ್ರಾಂನಷ್ಟು ತಯಾರಾಗುತ್ತದೆ, ಹಾರ್ಮೋನುಗಳ ಲೆಕ್ಕದಲ್ಲಿ ಅದು ದೈತ್ಯ ಪ್ರಮಾಣ. ಮಾಸಿನ ಬೆಳವಣಿಗೆ ಹಾರ್ಮೋನು, ಒತ್ತಡದ ಹಾರ್ಮೋನು ಎನಿಸಿದ ಕಾರ್ಟಿಸಾಲ್‌ಗಳ ಜೊತೆ ಸೇರಿ ಇದು ತಾಯಿಯ ಸ್ನಾಯುಗಳು ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತದೆ. ತಾಯಿ ಬಳಸದೆ ಬಿಟ್ಟ ಗ್ಲೂಕೋಸ್ ಮಗುವಿಗೆ ಸಿಗುತ್ತದೆ. ಆರೋಗ್ಯವಂತೆಯ ಮೇದೋಜೀರಕ ಗ್ರಂಥಿ ಎರಡು ಪಟ್ಟು, ಅದಕ್ಕೂ ಹೆಚ್ಚು ಇನ್ಸುಲಿನ್ ಸ್ರವಿಸಿ ಸರಿದೂಗಿಸುತ್ತದೆ. ಸರಿದೂಗಿಸಲು ಆಗದವರಿಗೆ ಬಸಿರಿನ ಸಕ್ಕರೆ ಕಾಯಿಲೆ.

ಗ್ಲೂಕೋಸ್ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗು ತನ್ನದೇ ಇನ್ಸುಲಿನ್ ಹೆಚ್ಚಿಸಿಕೊಂಡು ಕೊಬ್ಬು ಕಟ್ಟುತ್ತದೆ, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಸಕ್ಕರೆ ನಿಲ್ಲುತ್ತದೆ, ಆದರೆ ಮಗುವಿನ ಇನ್ಸುಲಿನ್ ಹಾಗೇ ಇರುತ್ತದೆ. ಇಂಥ ಶಿಶುವಿಗೆ ಮೊದಲ ಗಂಟೆಗಳಲ್ಲಿ ಸಕ್ಕರೆ ಕುಸಿಯುವುದು ಅದಕ್ಕೇ. ಹುಟ್ಟಿದ ಕೂಡಲೇ ಹಾಲು ಕುಡಿಸಿ, ಹಿಮ್ಮಡಿಯ ಹನಿ ರಕ್ತದಲ್ಲಿ ಸಕ್ಕರೆ ನೋಡಬೇಕು.

ಭಾರತದ ಸರ್ಕಾರಿ ಕ್ರಮದಲ್ಲಿ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದ ನಡುವೆ ಮತ್ತೊಮ್ಮೆ ಪರೀಕ್ಷೆ. ಉಪವಾಸ ಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದಲ್ಲಿ ಕುಡಿಯಬೇಕು, 2 ಗಂಟೆಯ ನಂತರ ರಕ್ತ ಕೊಡಬೇಕು. 140 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎಂದೇ ಲೆಕ್ಕ. ಕುಡಿದ 30 ನಿಮಿಷದೊಳಗೆ ವಾಂತಿಯಾದರೆ ಪರೀಕ್ಷೆ ಇನ್ನೊಂದು ದಿನ ಮಾಡಬೇಕು. ಕೆಲವು ಖಾಸಗಿ ಆಸ್ಪತ್ರೆಗಳು ಉಪವಾಸದಲ್ಲಿ ಮೂರು ಬಾರಿ ರಕ್ತ ತೆಗೆಯುವ ಇನ್ನೊಂದು ವಿಧಾನ ಅನುಸರಿಸುತ್ತವೆ. ಅದರಲ್ಲಿ ಉಪವಾಸದ್ದು 92, ಒಂದು ಗಂಟೆಯದು 180, ಎರಡು ಗಂಟೆಯದು 153, ಯಾವುದಾದರೂ ಒಂದು ಮುಟ್ಟಿದರೂ ಕಾಯಿಲೆ. ಎರಡರ ಅಂಕಿಗಳನ್ನು ಬೆರೆಸಿ ಗಾಬರಿಯಾಗುವುದು ಬೇಡ.

ಕಾಯಿಲೆ ಗೊತ್ತಾದ ಮೇಲೆ ಗುರಿ: ಉಪವಾಸದಲ್ಲಿ 95ಕ್ಕಿಂತ, ಊಟವಾದ 2 ಗಂಟೆಗೆ 120ಕ್ಕಿಂತ ಕಡಿಮೆ. ಎರಡು ವಾರ ಊಟದ ಬದಲಾವಣೆಯಲ್ಲಿ ಬಾರದಿದ್ದರೆ ಔಷಧ. ಬೆಳಿಗ್ಗೆ ಹೊತ್ತು ಇನ್ಸುಲಿನ್‌ಗೆ ಪ್ರತಿರೋಧ ಜಾಸ್ತಿ, ಆದ್ದರಿಂದ ತಿಂಡಿಯಲ್ಲೇ ಎಚ್ಚರ ಹೆಚ್ಚು ಬೇಕು. ನಾಲ್ಕು ಇಡ್ಲಿಯ ಜಾಗದಲ್ಲಿ ಎರಡು ಇಡ್ಲಿ, ಒಂದು ದೊಡ್ಡ ಬಟ್ಟಲು ಸಾಂಬಾರು, ಮೊಟ್ಟೆ ಅಥವಾ ಮೊಳಕೆಕಾಳು ಇರಲಿ. ರಾಗಿ ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂ ಪಿಷ್ಟವೇ. ರಾಗಿ ಒಳ್ಳೆಯದೇ, ಆದರೆ ಮುದ್ದೆಯ ಗಾತ್ರ ನೋಡಬೇಕು, ಬೆಲ್ಲ ಹಾಕಿದ ಗಂಜಿಯನ್ನಂತೂ ಬಿಡಬೇಕು. ಊಟವಾದ ಮೇಲೆ 15 ನಿಮಿಷದ ನಡಿಗೆ ನಿಜಕ್ಕೂ ಅಂಕಿ ಇಳಿಸುತ್ತದೆ.

ಮಾಸು ಬಿದ್ದ ಕೆಲವೇ ಗಂಟೆಗಳಲ್ಲಿ ಈ ಪ್ರತಿರೋಧ ಮಾಯ. ಹೆರಿಗೆಗೆ ಮುಂಚಿನ ಇನ್ಸುಲಿನ್ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಆರು ವಾರದ ಮೇಲೆ 75 ಗ್ರಾಂ ಪರೀಕ್ಷೆ ಮತ್ತೆ ಮಾಡಿಸಲೇಬೇಕು. ಮಗುವಿನ ಲಸಿಕೆಗೆ ತಪ್ಪದೆ ಹೋಗುವ ತಾಯಂದಿರೂ ತಮ್ಮ ಈ ಪರೀಕ್ಷೆ ಮರೆಯುತ್ತಾರೆ. ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಂಭವ ಇವರಿಗೆ ಬಹಳ ಹೆಚ್ಚು.

ಥೈರಾಯ್ಡ್ ಮಾತ್ರೆಯ ಸಮಯಪಾಲನೆ

ಎಚ್‌ಸಿಜಿಯ ರಚನೆಯಲ್ಲಿ ಒಂದು ಭಾಗ ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನಾದ ಟಿಎಸ್‌ಎಚ್‌ನದೇ. ಆದ್ದರಿಂದ ಅದು ಥೈರಾಯ್ಡನ್ನೂ ತಟ್ಟುತ್ತದೆ, ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ಇಳಿಯುತ್ತದೆ. ವಾಂತಿ ಜೋರಾಗಿರುವವಳ ರಿಪೋರ್ಟಿನಲ್ಲಿ ಟಿಎಸ್‌ಎಚ್ ತೀರಾ ಕಡಿಮೆ ಕಂಡರೆ ಅದು ಹೆಚ್ಚಾಗಿ ಇದೇ, ತಾನಾಗಿ ಸರಿಹೋಗುತ್ತದೆ. ಗಳಗಂಡ, ಕಣ್ಣು ಉಬ್ಬಿದ ಲಕ್ಷಣ ಇದ್ದರೆ ಮಾತ್ರ ಬೇರೆ ಯೋಚನೆ.

ಥೈರಾಯ್ಡ್ ಕೊರತೆಗೆ ಈಗಾಗಲೇ ಥೈರಾಕ್ಸಿನ್ ಮಾತ್ರೆ ನುಂಗುತ್ತಿರುವವರ ಕಥೆ ಬೇರೆ. ಈಸ್ಟ್ರೋಜನ್ ರಕ್ತದಲ್ಲಿ ಥೈರಾಕ್ಸಿನ್ ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ, ಮಗುವಿನ ಥೈರಾಯ್ಡ್ ಚೆನ್ನಾಗಿ ಕೆಲಸ ಶುರುಮಾಡುವುದು 18-20 ವಾರದ ಮೇಲೆ, ಅಲ್ಲಿಯವರೆಗೆ ಅದರ ಮಿದುಳಿನ ಬೆಳವಣಿಗೆಗೆ ತಾಯಿಯದೇ ಗತಿ. ಹಾಗಾಗಿ ಡೋಸ್ ಶೇಕಡಾ 25ರಿಂದ 30ರಷ್ಟು ಹೆಚ್ಚಬೇಕಾಗುತ್ತದೆ. ಕಿಟ್‌ನಲ್ಲಿ ಎರಡು ಗೆರೆ ಕಂಡ ವಾರವೇ ವಾರಕ್ಕೆ 7ರ ಬದಲು 9 ಮಾತ್ರೆ ತೆಗೆದುಕೊಳ್ಳುವುದು ಪ್ರಚಲಿತ ಸಲಹೆ. ಇದನ್ನು ಬಸಿರಿಗೆ ಪ್ರಯತ್ನಿಸುವಾಗಲೇ ಡಾಕ್ಟರ ಬಳಿ ಮಾತಾಡಿಟ್ಟುಕೊಂಡಿರಬೇಕು. ಬಸಿರಿನ ಅರ್ಧದವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿ, 2.5ಕ್ಕಿಂತ ಕೆಳಗೆ ಇಡಬೇಕು.

ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಕ್ಸಿನನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ, 4 ಗಂಟೆ ಅಂತರ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೂಡ ಒಟ್ಟಿಗೆ ಬೇಡ. ಬೆಳಿಗ್ಗೆ 6ಕ್ಕೆ ಬರೀ ನೀರಿನಲ್ಲಿ ಥೈರಾಕ್ಸಿನ್, ಒಂದು ಗಂಟೆ ಬಿಟ್ಟು ಕಾಫಿ-ತಿಂಡಿ, ಮಧ್ಯಾಹ್ನದ ಊಟಕ್ಕೆ ಕ್ಯಾಲ್ಸಿಯಂ, ಸಂಜೆ 5ಕ್ಕೆ ನಿಂಬೆ ನೀರಿನೊಂದಿಗೆ ಕಬ್ಬಿಣ, ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ ಎಂದಿಟ್ಟುಕೊಂಡರೆ ಯಾವುದೂ ಯಾವುದಕ್ಕೂ ಅಡ್ಡ ಬರುವುದಿಲ್ಲ.

ನೋವು ಬರುವ ಹೊತ್ತು

ತಾಯಿಯ ಕಾರ್ಟಿಸಾಲ್ ಬಸಿರಿನಲ್ಲಿ ಎರಡು-ಮೂರು ಪಟ್ಟು ಏರಿದರೂ ಮಾಸಿನ ಒಂದು ಕಿಣ್ವ ಅದನ್ನು ನಿಷ್ಕ್ರಿಯಗೊಳಿಸಿ ಮಗುವಿಗೆ ಅತಿಯಾಗಿ ತಲುಪದಂತೆ ಕಾಯುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಔಷಧ ಆ ಕಾವಲನ್ನು ದಾಟಬಲ್ಲದು. ಅವಧಿಗೆ ಮುಂಚೆ ಹೆರಿಗೆಯಾಗುವ ಲಕ್ಷಣ ಕಂಡಾಗ, 24ರಿಂದ 34 ವಾರದ ನಡುವೆ, 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಇಂಜೆಕ್ಷನ್ ತಾಯಿಗೆ ಕೊಡುವುದು ಮಗುವಿನ ಶ್ವಾಸಕೋಶ ಬಲಿಯಲೆಂದೇ.

ಹೆರಿಗೆ ಹೇಗೆ ಶುರುವಾಗುತ್ತದೆ? ಕುರಿ, ಆಡುಗಳಲ್ಲಿ ಪ್ರೊಜೆಸ್ಟರಾನ್ ಕುಸಿದು ನೋವು ಬರುತ್ತದೆ. ಮನುಷ್ಯರಲ್ಲಿ ರಕ್ತದ ಪ್ರೊಜೆಸ್ಟರಾನ್ ಇಳಿಯುವುದಿಲ್ಲ, ಗರ್ಭಕೋಶವೇ ಅದಕ್ಕೆ ಕಿವುಡಾಗುತ್ತದೆ. ಪ್ರೊಸ್ಟಗ್ಲಾಂಡಿನ್‌ಗಳು ಗರ್ಭಕೊರಳನ್ನು ಮೆತ್ತಗಾಗಿಸುತ್ತವೆ, ಗರ್ಭಕೋಶವನ್ನು ಹಿಂಡಿಸುವ ಆಕ್ಸಿಟೋಸಿನ್ ಹಾರ್ಮೋನಿನ ಮಾತು ಕೇಳಿಸಿಕೊಳ್ಳುವ ಗ್ರಾಹಕಗಳು ಹಲವು ಪಟ್ಟು ಹೆಚ್ಚುತ್ತವೆ. ಮಗುವಿನ ತಲೆ ಕೊರಳನ್ನು ಒತ್ತಿದಷ್ಟೂ ಆಕ್ಸಿಟೋಸಿನ್ ಬರುತ್ತದೆ, ಬಂದಷ್ಟೂ ತಲೆ ಇನ್ನೂ ಒತ್ತುತ್ತದೆ.

ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋಗೆ 1955ರಲ್ಲಿ ನೊಬೆಲ್ ಬಂತು. ಹೆರಿಗೆಯಾದ ಒಂದು ನಿಮಿಷದೊಳಗೆ ತಾಯಿಯ ಮಾಂಸಖಂಡಕ್ಕೆ 10 ಯೂನಿಟ್ ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವ ತಡೆಯುತ್ತದೆ. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಕಿಟಕಿಯ ಪಕ್ಕದ ಟ್ರೇನಲ್ಲಿ ದಿನಗಟ್ಟಲೆ ಬಿಸಿಯಾದ ಔಷಧ ಬೇಕಾದಾಗ ಕೈಕೊಡುತ್ತದೆ. ಹೆರಿಗೆಗೆ ಮುಂಚೆ ಮಾತ್ರ ಇದು ಅಳೆದ ಡ್ರಿಪ್‌ನಲ್ಲೇ ಹೋಗಬೇಕು. ಆಕ್ಸಿಟೋಸಿನ್ ಕೆಲವೇ ನಿಮಿಷಗಳಲ್ಲಿ ಕರಗುವುದರಿಂದ ಡ್ರಿಪ್ ನಿಲ್ಲಿಸಿದರೆ ಹಿಂಡಿತ ಬೇಗ ತಗ್ಗುತ್ತದೆ, 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬಂದರೆ ನಿಲ್ಲಿಸಲೇಬೇಕು. “ನೋವು ಬೇಗ ಬರಲಿ” ಎಂದು ತೊಡೆಗೆ ಚುಚ್ಚಿಬಿಟ್ಟರೆ ವಾಪಸು ಪಡೆಯುವ ದಾರಿಯಿಲ್ಲ. ಮಗುವಿಗೆ ಉಸಿರು ಸಿಗದೆ ಹೋಗಬಹುದು, ಗರ್ಭಕೋಶವೇ ಹರಿಯಬಹುದು. ಹಸು-ಎಮ್ಮೆಗಳ ಹಾಲಿಳಿಸಲು ಇದರ ದುರ್ಬಳಕೆ ಆಗುತ್ತಿದೆಯೆಂದು ಕೇಂದ್ರ ಸರ್ಕಾರ 2018ರಲ್ಲಿ ತಯಾರಿಕೆಯನ್ನು ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್‌ಗಷ್ಟೇ ಬಿಡಲು ಹೊರಟಿತ್ತು. ತಾಯಂದಿರಿಗೇ ಕೊರತೆಯಾದೀತೆಂಬ ಆತಂಕ ಎದ್ದಿತು, ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು.

ಮಾಸು ಬಿದ್ದ ಮೇಲೆ

ಬಸಿರಿನುದ್ದಕ್ಕೂ ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಹತ್ತಾರು ಪಟ್ಟು ಏರಿರುತ್ತದೆ. ಆದರೂ ಹಾಲು ಇಳಿಯದಿರುವುದು ಪ್ರೊಜೆಸ್ಟರಾನ್ ತಡೆಯಿಂದ. ಮಾಸು ಬಿದ್ದು ಆ ತಡೆ ತೆರವಾದ ಮೇಲೆ 2ರಿಂದ 4 ದಿನಕ್ಕೆ ಹಾಲು ತುಂಬುತ್ತದೆ. ಅಲ್ಲಿಯವರೆಗಿನ ಹಳದಿ ಗಿಣ್ಣುಹಾಲು ಮಗುವಿಗೆ ಸಾಕು, ಜೇನುತುಪ್ಪ, ಸಕ್ಕರೆ ನೀರು ಬೇಡ. ನಾಲ್ಕು ದಿನ ಕಳೆದರೂ ಹಾಲು ಬಾರದಿದ್ದರೆ “ಊಟ ಸಾಲದು” ಎನ್ನುವ ಮೊದಲು ಮಾಸಿನ ಚೂರು ಒಳಗೇ ಉಳಿದಿದೆಯೇ ನೋಡಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದ್ದರೆ, ಬಸಿರಿನಲ್ಲಿ ಹಿಗ್ಗಿದ್ದ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ರಕ್ತವಿಲ್ಲದೆ ಸತ್ತಿರಲೂಬಹುದು. 1937ರಲ್ಲಿ ಶೀಹನ್ ಎಂಬ ವೈದ್ಯ ವಿವರಿಸಿದ ಈ ಸ್ಥಿತಿಯಲ್ಲಿ ಹಾಲೂ ಬರುವುದಿಲ್ಲ, ಮುಟ್ಟೂ ಮರಳುವುದಿಲ್ಲ. ಸುಸ್ತು, ಕಡಿಮೆ ಬಿಪಿ ಎಂದು ವರ್ಷಗಟ್ಟಲೆ ಅಲೆದವರಿದ್ದಾರೆ.

ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿಟ್ಟಿರುತ್ತದೆ, ಹೆರಿಗೆಯ ರಕ್ತಸ್ರಾವ ಬೇಗ ನಿಲ್ಲಲೆಂದು. ಆ ಗುಣ ಹೆರಿಗೆಯ ನಂತರ ಆರು ವಾರ ಉಳಿದಿರುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಟ್ಟು ಮಂಚ ಬಿಟ್ಟು ಇಳಿಯದಂತೆ ಕೂರಿಸುವ ಪದ್ಧತಿ ಈ ಅಪಾಯಕ್ಕೆ ತುಪ್ಪ ಸುರಿಯುತ್ತದೆ. ಒಂದೇ ಕಾಲು, ಹೆಚ್ಚಾಗಿ ಎಡಗಾಲು, ಊದಿ ನೋಯುವುದು ಕಾಲಿನ ಹೆಪ್ಪು. ಬಿಡದ ತಲೆನೋವು, ವಾಂತಿ, ಫಿಟ್ಸ್ ಮಿದುಳಿನ ಹೆಪ್ಪು. ಎರಡನ್ನೂ ಶೀತ, ವಾಯು ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು. ಬಾಣಂತನದ ಎಣ್ಣೆ-ನೀರು, ಆರೈಕೆ ಎಲ್ಲ ಇರಲಿ, ನೀರು ಮತ್ತು ನಡಿಗೆ ಕೂಡ ಇರಲಿ.

ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಕುಸಿಯುವುದರಿಂದ ಮೂರು-ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುತ್ತದೆ. ಎರಡು ವಾರದಲ್ಲಿ ತಿಳಿಯಾಗುತ್ತದೆ. ಆಮೇಲೂ ಉಳಿದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅದು ಖಿನ್ನತೆ, ಚಿಕಿತ್ಸೆ ಬೇಕು. ಇಲ್ಲದ್ದು ಕೇಳಿಸುವುದು, ಮಗುವಿಗೆ ಹಾನಿ ಮಾಡುವ ಯೋಚನೆ ಬರುವುದು ತುರ್ತುಸ್ಥಿತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಸೇರಿಸಿಕೊಳ್ಳುವ ವಿಭಾಗವಿದೆ, 14416ಕ್ಕೆ ಕರೆ ಮಾಡಿದರೆ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೂರನೇ ತಿಂಗಳಲ್ಲಿ ಕೂದಲು ಉದುರುವುದು, ಈಸ್ಟ್ರೋಜನ್ ತಡೆದಿಟ್ಟಿದ್ದ ಕೂದಲು ಒಟ್ಟಿಗೆ ಬೀಳುವುದು ಅಷ್ಟೇ. ಅದರ ಜೊತೆ ಎದೆಬಡಿತ, ಇಲ್ಲವೇ ತೀರಾ ಸುಸ್ತು ಇದ್ದರೆ ಥೈರಾಯ್ಡ್ ನೋಡಿಸಬೇಕು.

ಎದೆಹಾಲು ಕುಡಿಸುವಾಗಿನ ಪ್ರೊಲ್ಯಾಕ್ಟಿನ್ ಅಂಡ ಬಿಡುಗಡೆಯನ್ನು ತಡೆಯುತ್ತದೆ. ಆದರೆ ಇದನ್ನು ಬಸಿರು ತಡೆಯುವ ಉಪಾಯವೆಂದು ನಂಬಬಹುದಾದದ್ದು ಮೂರೂ ಷರತ್ತು ಇದ್ದಾಗ ಮಾತ್ರ: ಮಗುವಿಗೆ ಆರು ತಿಂಗಳು ತುಂಬಿಲ್ಲ, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಮುಟ್ಟು ಮರಳಿಲ್ಲ. ಒಂದು ತಪ್ಪಿದರೂ ಬೇರೆ ಉಪಾಯ ಬೇಕು. ಈಸ್ಟ್ರೋಜನ್ ಇರುವ ಗುಳಿಗೆ ಹಾಲು ಕುಡಿಸುವವರಿಗೆ ಆರು ತಿಂಗಳವರೆಗೆ ಬೇಡ. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಳ್ಳಬಹುದು, ಹಾರ್ಮೋನಿಲ್ಲದ ‘ಛಾಯಾ’ ಮಾತ್ರೆಯನ್ನೂ ಬೇಗ ಶುರುಮಾಡಬಹುದು, ‘ಅಂತರಾ’ ಇಂಜೆಕ್ಷನ್ ಆರು ವಾರದ ಮೇಲೆ. ಮುಟ್ಟು ಬರಲಿ, ಆಮೇಲೆ ನೋಡೋಣ ಎಂದು ಕಾಯುವವರು ಗಮನಿಸಬೇಕಾದದ್ದು: ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಎರಡು ವಾರ ಮೊದಲು. ಹೆರಿಗೆಯ ನಂತರ ಒಂದು ಸಲವೂ ಮುಟ್ಟಾಗದೆ ಮತ್ತೆ ಬಸಿರು ನಿಲ್ಲುವುದು ಹೀಗೆಯೇ.